ಸಿರಿಂಜಿನ ಟೋಪಿ ಯಾವ ಬಣ್ಣದ್ದು?

ಇನ್ಸುಲಿನ್ ಎಲ್ಲಿ ಚುಚ್ಚಬೇಕು, ಜಾಗ ಹೇಗೆ ಬದಲಿಸಬೇಕು ಅನ್ನುವುದನ್ನು ನಮ್ಮ ವಾರ್ಡಿನ ಹುಡುಗಿಯರು ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಅದು ಬಿಡಿ. ಹೊಸದಾಗಿ ಡ್ಯೂಟಿಗೆ ಬಂದವರಿಗೆ ನನ್ನದು ಒಂದೇ ಪ್ರಶ್ನೆ: ಬಾಟಲಿಯ ಮೇಲೆ 40 ಅಂತಿದೆಯೋ, 100 ಅಂತಿದೆಯೋ? ಉತ್ತರ ಬಹಳ ಸಲ ಹೀಗಿರುತ್ತದೆ: "20 ಯೂನಿಟ್ ಅಂದ್ರೆ 20ನೇ ಗೆರೆ ಅಲ್ವಾ ಸಿಸ್ಟರ್?"

ಅಲ್ಲ ಕಣಮ್ಮ. ನಮ್ಮಲ್ಲಿ ಸಿಗುವ ಬಾಟಲಿಗಳಲ್ಲಿ ಜಾಸ್ತಿ ಇರುವುದು ಒಂದು ಎಂಎಲ್‌ಗೆ 40 ಯೂನಿಟ್‌ನವು. ಇನ್ಸುಲಿನ್ ಪೆನ್ನಿನ ಕಾರ್ಟ್ರಿಜ್ (ಪೆನ್ನಿನೊಳಗೆ ಕೂರುವ ಔಷಧದ ಕೊಳವೆ), ಕೆಲವು ಬಾಟಲಿಗಳು 100ರವು. ಮುರುಗಲ ಹಣ್ಣಿನ ಗಟ್ಟಿ ರಸವೂ ಒಂದು ಚಮಚ, ನೀರು ಬೆರೆಸಿದ ಪಾನಕವೂ ಒಂದು ಚಮಚ. ಎರಡೂ ಒಂದೇ ಹುಳಿಯೇ? ಅದಕ್ಕೇ ಒಂದೊಂದಕ್ಕೆ ಬೇರೆ ಗೆರೆಯ ಸಿರಿಂಜ್: 40ರ ಸಿರಿಂಜಿಗೆ ಕೆಂಪು ಟೋಪಿ, 100ರದ್ದಕ್ಕೆ ಕಿತ್ತಳೆ. (ಈ ಬಣ್ಣ ಆರಿಸಿದವರು ಟ್ಯೂಬ್‌ಲೈಟಿನ ಕೆಳಗೆ ನೈಟ್ ಡ್ಯೂಟಿ ಮಾಡಿದವರಲ್ಲ.) 40ರ ಬಾಟಲಿಯಿಂದ ಕಿತ್ತಳೆ ಟೋಪಿಯದರಲ್ಲಿ 20ರ ಗೆರೆವರೆಗೆ ಎಳೆದರೆ ಸಿಗುವುದು 8 ಯೂನಿಟ್. ತಿರುಗಾಮುರುಗಾ ಮಾಡಿದರೆ 50! ಪೆನ್ನಿನ ಸೂಜಿ ಖಾಲಿಯಾಗಿದೆ ಅಂತ ಕಾರ್ಟ್ರಿಜ್‌ಗೆ ಕೆಂಪು ಟೋಪಿಯ ಸಿರಿಂಜ್ ಚುಚ್ಚುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಹಾಗಂತ ನಾನೇನು ತಪ್ಪೇ ಮಾಡದವಳಲ್ಲ. ಕುಮಟೆಯಲ್ಲಿದ್ದಾಗ ಗೋಕರ್ಣದ ಕಡೆಯ ಅಜ್ಜ ಒಬ್ಬರು ದಾಖಲಾದರು. ಮನೆಯಲ್ಲಿ ಸೊಸೆ ಚುಚ್ಚುತ್ತಿದ್ದಳು. ಸಕ್ಕರೆ ಇಳಿಯುತ್ತಿಲ್ಲ ಅಂತ ಡಾಕ್ಟರು ದಾಖಲಾಗುವ ಮೊದಲೇ ರಾತ್ರಿಯ ಡೋಸನ್ನು 20ರಿಂದ 30ಕ್ಕೆ ಏರಿಸಿದ್ದರು. ನಾನು ಕೆಂಪು ಟೋಪಿಯ ಸಿರಿಂಜಿನಲ್ಲಿ ಸರಿಯಾಗಿ 30 ಕೊಟ್ಟೆ. ರಾತ್ರಿ ಮೂರಕ್ಕೆ ಅಜ್ಜನ ಬನಿಯನ್ ಬೆವರಿಗೆ ತೊಪ್ಪೆಯಾಗಿತ್ತು. ಕೈ ನಡುಗುತ್ತಿತ್ತು. ಗ್ಲುಕೋಮೀಟರಿನಲ್ಲಿ ಸಕ್ಕರೆ 46, ತೀರಾ ಕಡಿಮೆ. ಪುಣ್ಯಕ್ಕೆ ನುಂಗುವಷ್ಟು ಎಚ್ಚರವಿತ್ತು. ಮೂರು ಚಮಚ ಸಕ್ಕರೆ ಕದಡಿ ಕುಡಿಸಿ ಡಾಕ್ಟರನ್ನು ಎಬ್ಬಿಸಿದೆ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದಾಗ ಏರಿತ್ತು.

ಬೆಳಿಗ್ಗೆ ಸೊಸೆ ಪ್ಲಾಸ್ಟಿಕ್ ಕೊಟ್ಟೆಯಿಂದ ಮನೆಯ ಸಿರಿಂಜ್ ತೆಗೆದಳು. ಕಿತ್ತಳೆ ಟೋಪಿ. "ಅಂಗಡಿಯವ್ರು ಇದೇ ಕೊಟ್ಟದ್ದು ನರ್ಸಬಾಯಿ." ಬಾಟಲಿ 40ರದ್ದು. ಅಂದರೆ 30ರ ಗೆರೆವರೆಗೆ ಎಳೆದರೂ ಅಜ್ಜನ ಮೈಗೆ ಹೋಗುತ್ತಿದ್ದದ್ದು 12 ಯೂನಿಟ್. ನಾನು ಕೊಟ್ಟದ್ದು ಅದರ ಎರಡೂವರೆ ಪಟ್ಟು. ಚೀಟಿ ಸರಿ, ಬಾಟಲಿ ಸರಿ, ನನ್ನ ಸಿರಿಂಜೂ ಸರಿ. ಮನೆಯಲ್ಲಿ ಯಾವುದರಲ್ಲಿ ಚುಚ್ಚುತ್ತೀರಿ ಅಂತ ಒಂದು ಮಾತು ಕೇಳಿರಲಿಲ್ಲ, ಅಷ್ಟೇ.

ಈಗ ದಾಖಲಾತಿಯ ಹೊತ್ತಿಗೇ ಚೀಲ ಬಿಚ್ಚಿಸುತ್ತೇನೆ. ಕೆಲವರು ಸಿಡುಕುತ್ತಾರೆ, ಸಿಡುಕಲಿ. ಆ ಸೊಸೆಯಂತೂ ಈಗ ಖಾಲಿ ಬಾಟಲಿಯನ್ನೇ ಅಂಗಡಿಗೆ ಒಯ್ಯುತ್ತಾಳೆ, ಇದಕ್ಕೆ ಹೊಂದುವುದನ್ನೇ ಕೊಡಿ ಅಂತ.

ಇದನ್ನು ಓದಿ ನಿಮ್ಮ ಮನೆಯಲ್ಲೂ ಜೋಡಿ ತಪ್ಪಿದೆ ಅಂತ ಗೊತ್ತಾದರೆ, ದಯವಿಟ್ಟು ನೀವಾಗಿಯೇ ಸಿರಿಂಜ್ ಬದಲಿಸಿ ಹಳೇ ಲೆಕ್ಕದಲ್ಲೇ ಚುಚ್ಚಬೇಡಿ. ಅಜ್ಜನಿಗೆ ಆದದ್ದೇ ಅದು. ಎಷ್ಟು ಕೊಡಬೇಕು ಅನ್ನುವುದನ್ನು ಡಾಕ್ಟರೇ ಹೊಸದಾಗಿ ಹೇಳಬೇಕು. ಇವತ್ತಿನ ಡೋಸಿಗೆ ಮೊದಲೇ ಅವರಿಗೆ ಫೋನ್ ಮಾಡಿ. ಬಾಟಲಿ, ಸಿರಿಂಜ್ ಎರಡನ್ನೂ ಕೈಯಲ್ಲಿ ಹಿಡಿದುಕೊಂಡೇ ಮಾತಾಡಿ.