ಫಿಲ್ಮ್‌ನಲ್ಲಿ ತೆಗೆಯುವ ಡಾಕ್ಯುಮೆಂಟರಿ ಎಂಗೇಜ್‌ಮೆಂಟ್ ಫೋಟೋ: ಹಾಗಂದ್ರೆ ಏನು?

ಈ ಹೆಸರು ಕೇಳಿ ಯಾವುದೋ ವಿಡಿಯೋ ಇರಬೇಕು ಅಂದುಕೊಂಡರೆ ಅದು ನಿಮ್ಮ ತಪ್ಪಲ್ಲ. ಡಾಕ್ಯುಮೆಂಟರಿ ಅಂದ್ರೆ ಸಾಕ್ಷ್ಯಚಿತ್ರ, ಫಿಲ್ಮ್ ಅಂದ್ರೆ ಸಿನಿಮಾ, ಎಂಗೇಜ್‌ಮೆಂಟ್ ಅಂದ್ರೆ ನಿಶ್ಚಿತಾರ್ಥ. ಮೂರನ್ನೂ ಸೇರಿಸಿದರೆ ನಿಶ್ಚಿತಾರ್ಥದ ಸಿನಿಮಾ ಅಂತಲೇ ಆಗುತ್ತದೆ, ಅಲ್ವಾ? ಆದರೆ ಇಲ್ಲಿ ಮೂರು ಪದಗಳೂ ಬೇರೆ ಅರ್ಥದಲ್ಲಿ ಬಂದಿವೆ.

ಎಂಗೇಜ್‌ಮೆಂಟ್ ಪದ ಸುಲಭದ್ದು. ಇದು ಸಮಾರಂಭದ ಫೋಟೋ ಅಲ್ಲ. ಮದುವೆಯಾಗುವುದೆಂದು ಗಟ್ಟಿಯಾದ ಮೇಲೆ, ಮದುವೆಗೆ ಮುಂಚೆ, ಜೋಡಿ ಒಂದೆರಡು ಗಂಟೆ ಫೋಟೋಗ್ರಾಫರ್ ಜೊತೆ ಕಳೆಯುತ್ತದಲ್ಲ, ಅದೇ ಎಂಗೇಜ್‌ಮೆಂಟ್ ಶೂಟ್. ಪ್ರೀ-ವೆಡ್ಡಿಂಗ್ ಅನ್ನುವುದೂ ಹೆಚ್ಚುಕಮ್ಮಿ ಇದನ್ನೇ.

ಫಿಲ್ಮ್ ಅಂದ್ರೆ ಇಲ್ಲಿ ರೀಲು. ರೀಲ್ ಕ್ಯಾಮೆರಾ ಎಂದರೆ ಹಿಂದೆ ಎಲ್ಲರಿಗೂ ತಿಳಿಯುತ್ತಿತ್ತು. ಈಗ ರೀಲ್ ಅಂದ ಕೂಡಲೇ ಕೈ ಫೋನಿಗೆ ಹೋಗುತ್ತದೆ, ಹಾಗಾಗಿ ಫಿಲ್ಮ್ ಅನ್ನುವುದೇ ವಾಸಿ. ಬೆಳಕು ತಾಗಿದರೆ ಬದಲಾಗುವ ಬೆಳ್ಳಿ ಲವಣದ ಕಣಗಳನ್ನು ಬಳಿದ ಪ್ಲಾಸ್ಟಿಕ್ ಪಟ್ಟಿ ಅದು. ರಾಸಾಯನಿಕದಲ್ಲಿ ತೊಳೆದರೆ ನೆಗೆಟಿವ್, ಅಂದ್ರೆ ಬೆಳಕು-ನೆರಳು ಅದಲುಬದಲಾದ ಚಿತ್ರ ಸಿಗುತ್ತದೆ. ಅದರಿಂದ ಪ್ರಿಂಟ್ ಹಾಕಬಹುದು, ಸ್ಕ್ಯಾನ್ ಮಾಡಬಹುದು.

ಸಿನಿಮಾ ಅಂದುಕೊಂಡವರೂ ತೀರಾ ದೂರ ಹೋಗಿಲ್ಲ ಅನ್ನಿ. 35 ಮಿಲಿಮೀಟರ್ ಅಗಲದ ಫಿಲ್ಮ್ ಮೊದಲು ಸಿನಿಮಾದ್ದೇ. ಜರ್ಮನಿಯ ಆಸ್ಕರ್ ಬಾರ್ನಾಕ್ ಆ ಪಟ್ಟಿಯನ್ನು ಕ್ಯಾಮೆರಾದಲ್ಲಿ ಅಡ್ಡಕ್ಕೆ ಓಡಿಸಿ, ಸಿನಿಮಾದ ಎರಡು ಫ್ರೇಮಿನ ಜಾಗಕ್ಕೆ ಒಂದು ಫೋಟೋ ಕೂರಿಸಿದರು. ಅದೇ 24×36 ಮಿಲಿಮೀಟರ್ ಅಳತೆ. ಅವರ ಲೈಕಾ ಕ್ಯಾಮೆರಾ 1925ರಲ್ಲಿ ಮಾರಾಟಕ್ಕೆ ಬಂತು. ಕೋಟಿನ ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದು. ಅಲ್ಲಿಯವರೆಗೆ ಹೆಚ್ಚಾಗಿ ಜನರೇ ಬಂದು ಕ್ಯಾಮೆರಾದ ಮುಂದೆ ನಿಲ್ಲುತ್ತಿದ್ದರು. ಇಂಥ ಪುಟ್ಟ ಕ್ಯಾಮೆರಾಗಳು ಬಂದ ಮೇಲೆ ಫೋಟೋಗ್ರಾಫರೇ ಜನ ಇದ್ದಲ್ಲಿಗೆ ಹೋಗಿ, ಅವರ ನಡುವೆ ಸದ್ದಿಲ್ಲದೆ ಓಡಾಡುವುದು ಸುಲಭವಾಯಿತು.

ಇನ್ನು ಡಾಕ್ಯುಮೆಂಟರಿ. ಜಗಳವೆಲ್ಲ ಇರುವುದು ಈ ಪದದಲ್ಲೇ. ಫೋಟೋಗ್ರಾಫರ್ ಏನನ್ನೂ ಮಾಡಿಸುವುದಿಲ್ಲ, ನಡೆದದ್ದನ್ನು ತೆಗೆಯುತ್ತಾರೆ ಎಂಬುದು ಇದರ ಸರಳ ಅರ್ಥ. ಗಲ್ಲ ಎತ್ತಿ, ಕೈ ಸೊಂಟದ ಮೇಲಿಡಿ, ಈಗ ನಗಿ ಅನ್ನುವಂತಿಲ್ಲ. ಆದರೆ ಒಂದು ಪ್ರಶ್ನೆ. ಮದುವೆ ದಿನ ಫೋಟೋಗ್ರಾಫರ್ ಬರದಿದ್ದರೂ ಮದುವೆ ನಡೆಯುತ್ತದೆ. ಎಂಗೇಜ್‌ಮೆಂಟ್ ಶೂಟ್ ಹಾಗಲ್ಲ, ಫೋಟೋಗ್ರಾಫರ್ ಬರದಿದ್ದರೆ ಅದು ಇಲ್ಲವೇ ಇಲ್ಲ. ಫೋಟೋಗಾಗಿಯೇ ಗೊತ್ತುಮಾಡಿದ ಸಂಜೆಯನ್ನು ‘ನಡೆದದ್ದು’ ಅನ್ನುವುದು ಹೇಗೆ?

ಈ ಇಕ್ಕಟ್ಟು ಪದದ ಹುಟ್ಟಿನಲ್ಲೇ ಇತ್ತು. ಸ್ಕಾಟ್ಲೆಂಡಿನ ಜಾನ್ ಗ್ರಿಯರ್ಸನ್ 1926ರಲ್ಲಿ ಒಂದು ಪತ್ರಿಕಾ ವಿಮರ್ಶೆಯಲ್ಲಿ ಈ ಪದ ಬಳಸಿದ ಮೇಲೆ ಅದು ಸಿನಿಮಾದವರ ಬಾಯಲ್ಲಿ ನೆಲೆಯಾಯಿತು. ಅವರು ಬರೆದದ್ದು ರಾಬರ್ಟ್ ಫ್ಲಾಹರ್ಟಿ ಸಮೋವಾ ದ್ವೀಪದಲ್ಲಿ ತೆಗೆದ ಸಿನಿಮಾದ ಬಗ್ಗೆ. ತಮಾಷೆ ಅಂದ್ರೆ, ಅದರಲ್ಲಿ ಅಲ್ಲಿನವರು ಅಷ್ಟರಲ್ಲಾಗಲೇ ಬಿಟ್ಟಿದ್ದ ಹಳೆಯ ಉಡುಪನ್ನು ಕ್ಯಾಮೆರಾಗಾಗಿಯೇ ಮತ್ತೆ ಉಟ್ಟಿದ್ದರು!

ಹಾಗಾಗಿ ಎಂಗೇಜ್‌ಮೆಂಟ್ ಶೂಟಿಗೆ ಗೆರೆಯನ್ನು ಸ್ವಲ್ಪ ಸಡಿಲವಾಗಿಯೇ ಎಳೆಯಬೇಕಾಗುತ್ತದೆ. ಎಲ್ಲಿ, ಯಾವ ಹೊತ್ತಿಗೆ, ಏನು ಮಾಡುವುದು ಎಂದು ಮೊದಲೇ ಮಾತಾಡಿಕೊಳ್ಳಬಹುದು. ಇಬ್ಬರೂ ಸೇರಿ ಅಡುಗೆ ಮಾಡಲಿ, ಹೊಸ ಮನೆಗೆ ಪುಸ್ತಕ ಜೋಡಿಸಲಿ, ಸುಮ್ನೆ ನಾಯಿ ಕರೆದುಕೊಂಡು ಸುತ್ತಾಡಲಿ. ಕೆಲಸ ಶುರುವಾದ ಮೇಲೆ ಮಾತ್ರ ಫೋಟೋಗ್ರಾಫರ್ ಬಾಯಿ ಬಿಡಬಾರದು. ‘ಅದನ್ನೇ ಇನ್ನೊಂದ್ಸಲ ಮಾಡಿ’ ಅಂದರೆ ಅಲ್ಲಿಗೆ ಡಾಕ್ಯುಮೆಂಟರಿ ಮುಗಿಯಿತು. ಗೆರೆ ಇರುವುದು ಅಲ್ಲೇ ಎಂದು ನನ್ನ ಲೆಕ್ಕ.

ಇದನ್ನು ಕ್ಯಾಂಡಿಡ್ ಅಂದುಬಿಡುವವರೂ ಇದ್ದಾರೆ. ಕ್ಯಾಂಡಿಡ್ ಅಂದ್ರೆ ಗೊತ್ತಿಲ್ಲದಾಗ ತೆಗೆದ ಒಂದು ಫೋಟೋ. ಹತ್ತು ಪೋಸಿನ ನಡುವೆಯೂ ಒಂದು ಕ್ಯಾಂಡಿಡ್ ಸಿಗಬಹುದು. ಡಾಕ್ಯುಮೆಂಟರಿಯಲ್ಲಿ ಫೋಟೋಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಹಿಟ್ಟು ಮೆತ್ತಿದ ಕೈ, ತೊಳೆಯದ ಪಾತ್ರೆ, ಕಿಟಕಿಯ ಬೆಳಕು, ಉಪ್ಪು ಜಾಸ್ತಿಯಾಯಿತು ಎಂದು ಸಿಂಡರಿಸಿದ ಮುಖ, ಇವೆಲ್ಲ ಸೇರಿ ಒಂದು ಸಂಜೆ.

ಸರಿ, ಇದಕ್ಕೆ ಫಿಲ್ಮ್ ಯಾಕೆ? ಡಿಜಿಟಲ್‌ನಲ್ಲೂ ಆಗುತ್ತದೆ, ಎಷ್ಟೋ ಜನ ಚೆನ್ನಾಗಿಯೇ ಮಾಡುತ್ತಾರೆ. ಬಣ್ಣ ಚಂದ ಅನ್ನುವುದು ಸಾಮಾನ್ಯವಾಗಿ ಸಿಗುವ ಉತ್ತರ. ನನಗೆ ಅದಕ್ಕಿಂತ ಲೆಕ್ಕ ಮುಖ್ಯ ಅನ್ನಿಸುತ್ತದೆ. 35 ಮಿಲಿಮೀಟರ್ ರೋಲಿನಲ್ಲಿ 36 ಫ್ರೇಮ್. ಅದಕ್ಕಿಂತ ಅಗಲವಾದ 120 ಎಂಬ ರೋಲನ್ನು 6×7 ಸೆಂಟಿಮೀಟರ್ ಫ್ರೇಮಿನ ಕ್ಯಾಮೆರಾಗೆ ಹಾಕಿದರೆ ಬರೀ 10. ಐದು 35 ಮಿಲಿಮೀಟರ್ ರೋಲ್ ಅಂದ್ರೆ 180 ಫ್ರೇಮ್. ಸೆಕೆಂಡಿಗೆ 10 ತೆಗೆಯುವ ಡಿಜಿಟಲ್ ಕ್ಯಾಮೆರಾ ಅಷ್ಟನ್ನೂ 18 ಸೆಕೆಂಡಿನಲ್ಲಿ ಮುಗಿಸುತ್ತದೆ. ಕೈಯಲ್ಲಿ ಫ್ರೇಮ್ ಕಡಿಮೆ ಇದ್ದವರು ಒಳ್ಳೆಯ ಗಳಿಗೆಗೆ ಕಾಯುತ್ತಾರೆ. ಕಾಯುವವರ ಎದುರು ಜೋಡಿಯೂ ನಿಧಾನಕ್ಕೆ ಕ್ಯಾಮೆರಾ ಮರೆಯುತ್ತದೆ.

ಫಿಲ್ಮ್ ಕ್ಯಾಮೆರಾದ ಬೆನ್ನಿಗೆ ಪರದೆ ಇಲ್ಲದಿರುವುದೂ ದೊಡ್ಡ ಉಪಕಾರ. ಫೋಟೋಗ್ರಾಫರ್ ಪ್ರತಿ ಕ್ಲಿಕ್ಕಿಗೂ ತಲೆ ಬಗ್ಗಿಸಿ ನೋಡುವುದಿಲ್ಲ. ‘ಹೇಗೆ ಬಂತು, ತೋರಿಸಿ’ ಅಂತ ಯಾರೂ ಓಡಿ ಬರುವುದಿಲ್ಲ. ಒಮ್ಮೆ ತನ್ನ ಮುಖ ನೋಡಿಕೊಂಡವರು ಆಮೇಲೆ ಆ ಮುಖವನ್ನೇ ಸರಿಮಾಡಿಕೊಳ್ಳುತ್ತಾ ಇರುತ್ತಾರೆ. ಆ ಕಾಟ ಇಲ್ಲ.

ಕೈಯಲ್ಲೇ ಫೋಕಸ್ ಮಾಡಬೇಕಾದ ಕ್ಯಾಮೆರಾಗಳಿಗೂ ಒಂದು ಹಳೆಯ ಉಪಾಯವಿದೆ. 35 ಮಿಲಿಮೀಟರ್ ಲೆನ್ಸಿನ (ಇಲ್ಲಿ 35 ಅಂದ್ರೆ ಫಿಲ್ಮಿನ ಅಗಲವಲ್ಲ, ಲೆನ್ಸಿನ ಫೋಕಲ್ ಲೆಂತ್) ಬೆಳಕಿನ ಕಿಂಡಿಯನ್ನು ಕಿರಿದು ಮಾಡಿ ಎಫ್/8ಕ್ಕೆ ಇಟ್ಟು, ಫೋಕಸನ್ನು 3 ಮೀಟರಿಗೆ ನಿಲ್ಲಿಸಿದರೆ, ಸುಮಾರು 2ರಿಂದ 7 ಮೀಟರ್‌ವರೆಗೆ ಎಲ್ಲವೂ ಸ್ಪಷ್ಟ. ಆಮೇಲೆ ಲೆನ್ಸ್ ತಿರುಗಿಸುವ ಗೋಜಿಲ್ಲ, ಕ್ಯಾಮೆರಾ ಎತ್ತಿ ಒತ್ತಿದರಾಯಿತು.

ಕತ್ತಲಾದಾಗ ಫಿಲ್ಮ್ ಸತಾಯಿಸುತ್ತದೆ. ಒಂದು ರೋಲ್ ಹಾಕಿದರೆ ಮುಗಿಯುವವರೆಗೂ ಒಂದೇ ಐಎಸ್‌ಒ, ಅಂದ್ರೆ ಬೆಳಕಿಗೆ ಫಿಲ್ಮ್ ಎಷ್ಟು ಸೂಕ್ಷ್ಮ ಎಂಬ ಅಂಕಿ; ಅಂಕಿ ದೊಡ್ಡದಾದಷ್ಟೂ ಕಡಿಮೆ ಬೆಳಕು ಸಾಕು. ಕೊಡಾಕ್ ಪೋರ್ಟ್ರಾ 400ರಂಥ ಕಲರ್ ನೆಗೆಟಿವ್ ಬೆಳಕು ಜಾಸ್ತಿಯಾದರೆ ಸಹಿಸಿಕೊಳ್ಳುತ್ತದೆ. ಕಡಿಮೆಯಾದರೆ ನೆರಳೆಲ್ಲ ಕೆಸರು. ಅದಕ್ಕೇ ತುಂಬಾ ಜನ ಅದನ್ನು ಐಎಸ್‌ಒ 200 ಎಂದು ಲೆಕ್ಕ ಹಿಡಿದು, ಎರಡು ಪಟ್ಟು ಬೆಳಕು ಕೊಟ್ಟು ತೆಗೆಯುತ್ತಾರೆ. ಮನೆಯೊಳಗಿನ ದೀಪದ ಬೆಳಕಿಗೆ ಟ್ರೈ-ಎಕ್ಸ್ ಅಥವಾ ಎಚ್‌ಪಿ5ನಂಥ ಕಪ್ಪುಬಿಳುಪು ಫಿಲ್ಮ್ ಹಾಕಿ, ಐಎಸ್‌ಒ 1600 ಎಂದು ಲೆಕ್ಕ ಹಿಡಿದು ತೆಗೆದು, ತೊಳೆಯುವಾಗ ಹೆಚ್ಚು ಹೊತ್ತು ಇಡುತ್ತಾರೆ. ಫೋಟೋ ಕಾಳು ಕಾಳಾಗಿ (ಗ್ರೇನ್) ಬರುತ್ತದೆ. ಕೆಲವರಿಗೆ ಆ ಕಾಳೇ ಇಷ್ಟ. ಇನ್ನು ರೋಲ್ ಬದಲಿಸುವಾಗಲೇ ಒಳ್ಳೆಯ ನಗು ಬಂದುಹೋಗುವುದೂ ಉಂಟು. ಹೋದದ್ದು ಹೋಯಿತು, ಮತ್ತೆ ನಗಿ ಅನ್ನುವಂತಿಲ್ಲವಲ್ಲ.

ಡಿಜಿಟಲ್ ಫೋಟೋಗೆ ಕಾಳು ಉದುರಿಸಿ, ಬಣ್ಣ ಮಂಕು ಮಾಡಿ ‘ಫಿಲ್ಮ್ ಲುಕ್’ ಎನ್ನುವುದೂ ಇದೆ. ಚೆನ್ನಾಗಿದ್ದರೆ ಬೇಡ ಅನ್ನಲ್ಲ, ಆದರೆ ಅದು ಫಿಲ್ಮ್ ಅಲ್ಲ. ಫಿಲ್ಮೇ ಬೇಕೆಂದರೆ ನೆಗೆಟಿವ್ ಯಾರ ಕೈಯಲ್ಲಿ ಉಳಿಯುತ್ತದೆ ಎಂದು ಮೊದಲೇ ಕೇಳಿ. ಇಡೀ ರೋಲನ್ನು ಒಂದೇ ಹಾಳೆಯ ಮೇಲೆ ಸಾಲಾಗಿ ತೋರಿಸುವ ಕಾಂಟ್ಯಾಕ್ಟ್ ಶೀಟನ್ನೂ ಕೇಳಿ. ಕಣ್ಣು ಮುಚ್ಚಿದ್ದು, ಅಲುಗಿದ್ದು, ಅದರ ಪಕ್ಕದಲ್ಲೇ ಸರಿಯಾಗಿ ಸಿಕ್ಕಿದ್ದು, ಎಲ್ಲ ನಡೆದ ಕ್ರಮದಲ್ಲೇ ಇರುತ್ತವೆ. ಆ ಶೀಟಿನ ಮೊದಲ ಫ್ರೇಮ್ ಎಷ್ಟೋ ಸಲ ಅರ್ಧ ಸುಟ್ಟಿರುತ್ತದೆ, ರೋಲ್ ಹಾಕುವಾಗ ಬೆಳಕು ತಾಗಿ. ಉಳಿದರ್ಧದಲ್ಲಿ ಶೂಟ್ ಶುರುವಾಯಿತೆಂದು ಇನ್ನೂ ಗೊತ್ತಾಗದ ಇಬ್ಬರು.