ಬ್ಯಾಟಿನ ರಬ್ಬರಿಗೆ ಎಣ್ಣೆ: ಜುನ್ ಮಿಜುತಾನಿ ಎತ್ತಿದ ಪ್ರಶ್ನೆ

2012ರ ಲಂಡನ್ ಒಲಿಂಪಿಕ್ಸ್ ಮುಗಿದು ಕೆಲವೇ ತಿಂಗಳಾಗಿತ್ತು. ಜಪಾನಿನ ಟೇಬಲ್ ಟೆನಿಸ್ ಆಟಗಾರ ಜುನ್ ಮಿಜುತಾನಿ, ಇನ್ನು ಅಂತರರಾಷ್ಟ್ರೀಯ ಟೂರ್ನಿಗಳಲ್ಲಿ ಆಡುವುದಿಲ್ಲ ಎಂದುಬಿಟ್ಟರು. ಆಗ ಅವರಿಗೆ 23 ವರ್ಷ. ಕೈಕಾಲಿಗೆ ಏನೂ ಆಗಿರಲಿಲ್ಲ. ಅವರ ತಕರಾರು ಇದ್ದದ್ದು ಬ್ಯಾಟಿನ ರಬ್ಬರಿನ ಬಗ್ಗೆ. ನಿಯಮ ಮೀರಿ ರಬ್ಬರಿಗೆ ಎಣ್ಣೆಯಂಥ ದ್ರವ ಹಚ್ಚಿಕೊಂಡು ಆಡುವವರು ಬಹಳ ಮಂದಿ ಇದ್ದಾರೆ, ಅಂತರರಾಷ್ಟ್ರೀಯ ಒಕ್ಕೂಟ ಅವರನ್ನು ತಡೆಯುತ್ತಿಲ್ಲ ಎಂದು ಅವರು ಬಹಿರಂಗವಾಗಿಯೇ ಹೇಳಿದರು.

ಈ ಜಗಳದ ಬೇರು ಹುಡುಕಲು ಹೋದರೆ ಮೊದಲು ಸಿಗುವುದು ನಮ್ಮ ಮುಂಬೈ. 1952ರ ವಿಶ್ವ ಚಾಂಪಿಯನ್‌ಷಿಪ್ ಅಲ್ಲಿ ನಡೆಯಿತು. ಜಪಾನ್ ಮೊದಲ ಸಲ ಈ ಕೂಟಕ್ಕೆ ಬಂದಿತ್ತು. ಹಿರೋಜಿ ಸಾಟೋ ಎಂಬ ಆಟಗಾರನ ಬ್ಯಾಟಿಗೆ ದಪ್ಪ ಸ್ಪಂಜ್ ಅಂಟಿಸಲಾಗಿತ್ತು. ಉಳಿದವರದ್ದು ಗಟ್ಟಿ ರಬ್ಬರು. ಅದಕ್ಕೆ ಚೆಂಡು ತಾಗಿದ ಸದ್ದು ಕೇಳಿಯೇ ಎದುರಾಳಿ ಹೊಡೆತದ ಬಲ ಅಂದಾಜು ಮಾಡುತ್ತಿದ್ದ. ಸಾಟೋ ಹೊಡೆದರೆ ಸದ್ದೇ ಇಲ್ಲ, ಚೆಂಡು ಮಾತ್ರ ಜೋರಾಗಿ ಬರುತ್ತಿತ್ತು. ಅವರು ಸಿಂಗಲ್ಸ್ ಚಾಂಪಿಯನ್ ಆದರು. 1959ರಲ್ಲಿ ಒಕ್ಕೂಟ ಬರೀ ಸ್ಪಂಜಿನ ಬ್ಯಾಟನ್ನು ನಿಷೇಧಿಸಿತು. ಸ್ಪಂಜ್ ಇರಲಿ, ಆದರೆ ಅದರ ಮೇಲೆ ರಬ್ಬರು ಇರಬೇಕು, ಎರಡೂ ಸೇರಿ 4 ಮಿಲಿಮೀಟರ್ ದಾಟಬಾರದು ಎಂದಿತು.

ದಪ್ಪಕ್ಕೆ ಮಿತಿ ಬಂತು. ಆದರೆ 1970ರ ದಶಕದಲ್ಲಿ ಯುರೋಪಿನ ಆಟಗಾರರು ಬೇರೆ ದಾರಿ ಕಂಡುಕೊಂಡರು. ಸೈಕಲ್ ಪಂಕ್ಚರ್‌ಗೆ ಹಾಕುವ ಸಲ್ಯೂಷನ್‌ನಂಥ ಅಂಟನ್ನು ಆಡುವ ಮುಂಚೆ ಸ್ಪಂಜಿಗೆ ಬಳಿದರೆ, ಅದರ ಆವಿ ಒಳಗೆ ಸೇರಿ ಸ್ಪಂಜ್ ನೆನೆಹಾಕಿದ ಕಡಲೆಯಂತೆ ಉಬ್ಬುತ್ತದೆ. ಮೇಲಿನ ರಬ್ಬರು ಬಿಗಿಯಾಗುತ್ತದೆ. ಚೆಂಡಿಗೆ ವೇಗವೂ ಜಾಸ್ತಿ, ಸುತ್ತೂ ಜಾಸ್ತಿ. ಇದಕ್ಕೆ ಸ್ಪೀಡ್ ಗ್ಲೂ ಎಂಬ ಹೆಸರು ಬಂತು. ಮೂರು ದಶಕ ಇದೇ ನಡೆಯಿತು. ಆ ಆವಿ ಉಸಿರಾಟಕ್ಕೆ ಕೆಟ್ಟದ್ದು. ಆಡುವವರಲ್ಲಿ ಶಾಲೆಗೆ ಹೋಗುವ ಮಕ್ಕಳೂ ಇದ್ದರು. ಕೊನೆಗೆ, ಬೀಜಿಂಗ್ ಒಲಿಂಪಿಕ್ಸ್ ಮುಗಿದ ಬೆನ್ನಿಗೇ, 2008ರ ಸೆಪ್ಟೆಂಬರಿನಿಂದ ಒಕ್ಕೂಟ ಅದನ್ನು ನಿಲ್ಲಿಸಿತು.

ಆಗ ಆ ಜಾಗಕ್ಕೆ ಬಂದದ್ದೇ ಬೂಸ್ಟರ್. ಇದು ಬೇಗ ಆರದ, ಹೆಚ್ಚು ಆವಿ ಬಿಡದ ಎಣ್ಣೆ. ಮಾಡುವ ಕೆಲಸ ಮಾತ್ರ ಅದೇ, ಸ್ಪಂಜ್ ಉಬ್ಬಿಸುವುದು. ನಿಯಮ ಇದನ್ನೂ ಒಪ್ಪುವುದಿಲ್ಲ. ರಬ್ಬರನ್ನು ಕಾರ್ಖಾನೆಯಿಂದ ಬಂದಂತೆಯೇ ಬಳಸಬೇಕು, ರಾಸಾಯನಿಕ ಸೋಕಿಸಬಾರದು ಎಂದು ಸ್ಪಷ್ಟವಾಗಿಯೇ ಇದೆ. ಆದರೆ ಪಂದ್ಯದ ವೇಳೆ ಅಧಿಕಾರಿಗಳು ನೋಡುವುದು ರಬ್ಬರಿನ ದಪ್ಪ, ಮೇಲ್ಮೈ ಸಮತಟ್ಟಾಗಿದೆಯೇ ಎಂಬುದು ಮತ್ತು ಹಾನಿಕರ ಆವಿ. ಆವಿಯೇ ಬಿಡದ ಎಣ್ಣೆ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ಕಷ್ಟ. ಹಿಡಿಯಲಾಗದ ತಪ್ಪಿಗೆ ನಿಯಮ ಬರೆದರೆ, ಅದನ್ನು ಪಾಲಿಸುವವರಿಗೇ ನಷ್ಟ ಅಲ್ವಾ? ಮಿಜುತಾನಿ ಕೇಳಿದ್ದೂ ಇದನ್ನೇ.

ಅವರು ಸುಮ್ನೆ ದೂರು ಹೇಳುವ ಸಾಮಾನ್ಯ ಆಟಗಾರರಾಗಿರಲಿಲ್ಲ. ಶಿಜುಓಕಾ ಪ್ರಾಂತ್ಯದ ಇವಾತಾ ಊರಿನವರು. ಎಡಗೈ ಆಟಗಾರ. ಅಪ್ಪ ಅಮ್ಮ ನಡೆಸುತ್ತಿದ್ದ ಕ್ಲಬ್ಬಿನಲ್ಲಿ 5ನೇ ವಯಸ್ಸಿಗೆ ಬ್ಯಾಟ್ ಹಿಡಿದರು. 14ಕ್ಕೆ ಜರ್ಮನಿಗೆ ಹೋಗಿ ಡ್ಯುಸೆಲ್ಡಾರ್ಫ್‌ನಲ್ಲಿ ಕಲಿತರು. 2007ರ ಜನವರಿಯಲ್ಲಿ, 17ನೇ ವಯಸ್ಸಿನಲ್ಲಿ, ಅಖಿಲ ಜಪಾನ್ ಚಾಂಪಿಯನ್ ಆದರು. ಅಲ್ಲಿಂದ ಸತತ ಐದು ಸಲ ಆ ಪಟ್ಟ ಅವರದ್ದೇ. ಟೇಬಲ್‌ನಿಂದ ದೂರ ಸರಿದು, ಎದುರಾಳಿಯ ಸ್ಮ್ಯಾಶ್‌ಗಳನ್ನು ಒಂದಾದ ಮೇಲೊಂದು ಎತ್ತರದ ಲಾಬ್‌ಗಳಾಗಿ ಹಿಂದಿರುಗಿಸುವುದನ್ನು ನೋಡಲೆಂದೇ ಜನ ಕಾಯುತ್ತಿದ್ದರು. ಆದರೆ ಲಂಡನ್ ಒಲಿಂಪಿಕ್ಸ್ ಸಿಂಗಲ್ಸ್‌ನಲ್ಲಿ ಡೆನ್ಮಾರ್ಕಿನ ಮೈಕೆಲ್ ಮೇಜ್ ಎದುರು ಒಂದು ಗೇಮೂ ಗೆಲ್ಲದೆ ಸೋತರು.

ಹಾಗಾಗಿ ಸೋತಿದ್ದಕ್ಕೆ ನೆಪ ಹುಡುಕುತ್ತಿದ್ದಾರೆ ಎಂದು ಯಾರು ಬೇಕಾದರೂ ಹೇಳಬಹುದಿತ್ತು. ನನಗೆ ಹಾಗೆ ಅನಿಸುವುದಿಲ್ಲ. ನೆಪ ಹೇಳುವವರು ಆಟದ ಒಳ್ಳೆಯ ವಯಸ್ಸಿನಲ್ಲಿ ರ‍್ಯಾಂಕಿಂಗ್ ಅಂಕ, ಬಹುಮಾನದ ಹಣ ಬಿಟ್ಟು ಮನೆಯಲ್ಲಿ ಕೂರುವುದಿಲ್ಲ. ಜೊತೆಗೆ ನಿಂತ ದೊಡ್ಡ ಆಟಗಾರರು ಬಹಳ ಕಡಿಮೆ. ಕೆಲವು ತಿಂಗಳ ನಂತರ ಅವರು ಆಟಕ್ಕೆ ಮರಳಿದರು. ನಿಯಮ ಬದಲಾಗಿರಲಿಲ್ಲ, ಪರೀಕ್ಷೆಯೂ ಬದಲಾಗಿರಲಿಲ್ಲ.

ಬದಲಾದದ್ದು ಅವರ ಆಟ. 2013ರಲ್ಲಿ ರಷ್ಯಾ ಲೀಗ್ ಸೇರಿದರು. ಚೀನಾ ಮೂಲದ ಕಿಯು ಜಿಯಾನ್‌ಶಿನ್ ಅವರನ್ನು ಸ್ವಂತ ಕೋಚ್ ಆಗಿ ಇಟ್ಟುಕೊಂಡರು. ಹಿಂದೆ ಸರಿಯುವುದನ್ನು ಕಡಿಮೆ ಮಾಡಿ, ಟೇಬಲ್ ಹತ್ತಿರವೇ ನಿಂತು ಮೊದಲು ತಾನೇ ದಾಳಿ ಮಾಡುವುದನ್ನು ರೂಢಿಸಿಕೊಂಡರು. 2016ರ ರಿಯೊದಲ್ಲಿ ಸೆಮಿಫೈನಲ್‌ನಲ್ಲಿ ಚೀನಾದ ಮಾ ಲಾಂಗ್‌ಗೆ ಸೋತರೂ, ಬೆಲಾರೂಸಿನ ವ್ಲಾದಿಮಿರ್ ಸಾಮ್ಸೊನೊವ್ ಅವರನ್ನು ಸೋಲಿಸಿ ಕಂಚು ಗೆದ್ದರು. ಒಲಿಂಪಿಕ್ಸ್ ಟೇಬಲ್ ಟೆನಿಸ್ ಸಿಂಗಲ್ಸ್‌ನಲ್ಲಿ ಜಪಾನಿಗೆ ಅದೇ ಮೊದಲ ಪದಕ. ತಂಡ ಫೈನಲ್‌ನಲ್ಲಿ ಚೀನಾ ಗೆದ್ದಿತು, ಆದರೆ ಮಿಜುತಾನಿ ಶು ಶಿನ್ ಅವರನ್ನು 3–2ರಿಂದ ಮಣಿಸಿದ್ದರು. 2019ರ ಜನವರಿಗೆ ಅಖಿಲ ಜಪಾನ್ ಪಟ್ಟ 10ಕ್ಕೆ ಏರಿತು.

ಆಮೇಲೆ ಟೋಕಿಯೊ. ಮಿಶ್ರ ಡಬಲ್ಸ್‌ನಲ್ಲಿ ಜೊತೆಗಾತಿ ಮಿಮಾ ಇತೋ ಅದೇ ಇವಾತಾದವರು, ಚಿಕ್ಕಂದಿನಲ್ಲಿ ಅದೇ ಕ್ಲಬ್ಬಿನಲ್ಲಿ ಆಡಿದವರು. ಕ್ವಾರ್ಟರ್ ಫೈನಲ್‌ನ ಏಳನೇ ಗೇಮಿನಲ್ಲಿ ಜರ್ಮನಿಯ ಜೋಡಿ ಎದುರು 2–9ರಿಂದ ಹಿಂದಿದ್ದರು. ಇನ್ನೊಂದು ಅಂಕ ಸಿಕ್ಕರೆ ಎದುರಾಳಿ ಗೆಲ್ಲುವ ಸ್ಥಿತಿಯಿಂದ (ಮ್ಯಾಚ್ ಪಾಯಿಂಟ್) ಏಳು ಸಲ ಪಾರಾಗಿ 16–14ರಲ್ಲಿ ಗೆದ್ದರು. 2021ರ ಜುಲೈ 26ರ ಫೈನಲ್‌ನಲ್ಲಿ ಚೀನಾದ ಶು ಶಿನ್ ಮತ್ತು ಲಿಯು ಶಿವೆನ್ ಎದುರು ಮೊದಲ ಎರಡು ಗೇಮ್ ಸೋತವರು 4–3ರಿಂದ ಚಿನ್ನ ಗೆದ್ದರು. ಈ ಆಟದಲ್ಲಿ ಜಪಾನಿಗೆ ಅದು ಮೊದಲ ಒಲಿಂಪಿಕ್ ಚಿನ್ನ. 2004ರ ಅಥೆನ್ಸ್ ನಂತರ ಚೀನಾ ಕಳೆದುಕೊಂಡ ಮೊದಲ ಚಿನ್ನವೂ ಅದೇ.

ಅಷ್ಟರಲ್ಲಿ ಅವರಿಗೆ ಚೆಂಡು ಸರಿಯಾಗಿ ಕಾಣುತ್ತಿರಲಿಲ್ಲ. ಅಂಗಣದ ಸುತ್ತಲಿನ ಎಲ್‌ಇಡಿ ಫಲಕಗಳ ಬೆಳಕಿನಲ್ಲಿ ತೊಂದರೆ ಇನ್ನೂ ಹೆಚ್ಚು. ಟೋಕಿಯೊದಲ್ಲಿ ಬಣ್ಣದ ಕನ್ನಡಕ ಹಾಕಿಕೊಂಡೇ ಆಡಿದರು. ತಂಡ ವಿಭಾಗದಲ್ಲೂ ಕಂಚು ಗೆದ್ದು, ಅದೇ ಕಣ್ಣಿನ ಕಾರಣಕ್ಕೆ ನಿವೃತ್ತರಾದರು.

ಅವರು ಟೂರ್ನಿ ಬಿಟ್ಟು ಕೇಳಿದ್ದು ದೊಡ್ಡ ಬೇಡಿಕೆಯೇನಲ್ಲ. ಬೂಸ್ಟರ್ ಹಿಡಿಯುವ ಪರೀಕ್ಷೆ ತನ್ನಿ, ಇಲ್ಲವೇ ಎಲ್ಲರೂ ಹಚ್ಚಿಕೊಳ್ಳಲು ಬಿಡಿ. ಒಕ್ಕೂಟ ಇವೆರಡರಲ್ಲಿ ಯಾವುದನ್ನು ಮಾಡಿದರೂ, ಅಂಗಡಿಯಿಂದ ತಂದ ರಬ್ಬರನ್ನು ಹಾಗೇ ಅಂಟಿಸಿಕೊಂಡು ಆಡುವ ಹುಡುಗ ಹುಡುಗಿಯರಿಗೆ ತಾವು ಯಾರೊಂದಿಗೆ, ಯಾವ ನಿಯಮದಡಿ ಆಡುತ್ತಿದ್ದೇವೆ ಎಂಬುದಾದರೂ ಗೊತ್ತಾಗುತ್ತಿತ್ತು.