ಮಳೆ ಬಂದರೆ ಮಾತ್ರ ನಿಲ್ಲುವ ಪ್ರೋಗ್ರಾಂ

ಮಲೆನಾಡಿನಲ್ಲಿ ಜೂನ್ ಬಂತೆಂದರೆ ಯಾವ ಯಂತ್ರ ಕೆಟ್ಟರೂ ತಪ್ಪು ಥಂಡಿಯದ್ದು, ಸಿಡಿಲಿನದ್ದು, ಇಲ್ಲವೇ ವೋಲ್ಟೇಜಿನದ್ದು. ಎಷ್ಟೋ ಸಲ ಅದು ನಿಜವೂ ಹೌದು. ತೊಂದರೆಯೆಂದರೆ, ಈ ಉತ್ತರ ಸಿಕ್ಕ ಮೇಲೆ ಯಾರೂ ಮುಂದೆ ಹುಡುಕುವುದಿಲ್ಲ.

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದಲ್ಲಿ ಶಿವಮೊಗ್ಗದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮಳೆಮಾಪಕ ಕೂರಿಸಿದ್ದರು. ಬಿಸಿಲಿದ್ದಷ್ಟು ದಿನ ಸರಿಯಾಗಿದ್ದ ಅದರ ಪುಟ್ಟ ಲಿನಕ್ಸ್ ಕಂಪ್ಯೂಟರ್ ಪೆಟ್ಟಿಗೆ, ಜೋರು ಮಳೆ ಹಿಡಿದಾಗ ಮಾತ್ರ ಸ್ತಬ್ಧ. “ಥಂಡಿ ಹಿಡಿದಿದೆ ಮಾರಾಯ್ರೆ, ಒಳಗಿಡಿ” ಎಂದರು ತೋಟದ ಯಜಮಾನರು. ಒಳಗಿಟ್ಟರೂ ನಿಂತಿತು. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಓಡುತ್ತಿತ್ತು, ಹಾಗಾಗಿ ಕರೆಂಟಿನದೇ ದೋಷ ಎಂದು ತೀರ್ಮಾನವಾಯಿತು.

ದೋಷ ಇದ್ದದ್ದು ಪ್ರೋಗ್ರಾಂ ಸಿಗ್ನಲ್‌ಗಳನ್ನು ನಿಭಾಯಿಸುವ ರೀತಿಯಲ್ಲಿ. ಕಂಟ್ರೋಲ್-ಸಿ ಒತ್ತಿದಾಗ ಹೋಗುವ 2ನೇ ನಂಬರಿನ ಸಿಗ್‌ಇಂಟ್, ಅಲಾರಂ ಹೊಡೆದಾಗ ಬರುವ 14ನೇ ನಂಬರಿನ ಸಿಗ್‌ಅಲಾರ್ಮ್, ಇವೆಲ್ಲ ಓಡುತ್ತಿರುವ ಪ್ರೋಗ್ರಾಂಗೆ ಲಿನಕ್ಸ್‌ನ ತಿರುಳಾದ ಕರ್ನಲ್ ತಲುಪಿಸುವ ತುರ್ತು ಕರೆಗಳು. ಕರೆ ಬಂದಾಗ ನಡೆಯಬೇಕಾದ ಫಂಕ್ಷನ್ನೇ ಹ್ಯಾಂಡ್ಲರ್. ಅದು ಪಕ್ಕದಲ್ಲಿ ತನ್ನ ಪಾಡಿಗೆ ಓಡುತ್ತದೆ ಎಂದು ಬಹಳಷ್ಟು ಜನ ತಿಳಿದಿದ್ದಾರೆ. ಹಾಗಲ್ಲ. ಮಾಡುತ್ತಿದ್ದ ಕೆಲಸವನ್ನು ಇದ್ದಲ್ಲೇ ಬಿಟ್ಟು ಅದೇ ಥ್ರೆಡ್, ಅಂದರೆ ಆ ಕೆಲಸ ನಡೆಸುತ್ತಿದ್ದ ಎಳೆಯೇ, ಹ್ಯಾಂಡ್ಲರ್‌ಗೆ ಹಾರುತ್ತದೆ. ಹ್ಯಾಂಡ್ಲರ್ ಮುಗಿಯುವ ತನಕ ಹಳೆಯ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗದು.

ಶಿವಮೊಗ್ಗದ ಅಡಿಕೆ ಮಂಡಿಯ ಗುಮಾಸ್ತರೊಬ್ಬರು ರಾಶಿ ಅಡಿಕೆಯ ತೂಕ ಬರೆಯಲು ಲೆಕ್ಕದ ಪುಸ್ತಕ ತೆರೆದಿದ್ದಾರೆ ಎನ್ನಿ. ತೆರೆದವರು ಬರೆದು ಮುಚ್ಚುವ ತನಕ ಇನ್ನೊಂದು ಲೆಕ್ಕಕ್ಕೆ ಅದನ್ನು ಮುಟ್ಟುವಂತಿಲ್ಲ, ಅದು ನಿಯಮ. ಅರ್ಧ ಸಾಲಿನಲ್ಲಿರುವಾಗ ಸಾಹುಕಾರರು “ಅದು ಅಲ್ಲೇ ಇರಲಿ, ಬೆಟ್ಟೆಯ ಲೆಕ್ಕ ಮೊದಲು ಹಾಕಿ” ಎಂದರು. ಬೆಟ್ಟೆ ಅಡಿಕೆಯ ಇನ್ನೊಂದು ಬಗೆ, ಅದಕ್ಕೂ ಅದೇ ಪುಸ್ತಕ. ಗುಮಾಸ್ತರು ಪುಸ್ತಕ ಬಿಡುಗಡೆಯಾಗಲೆಂದು ಕಾಯುತ್ತಾರೆ. ಬಿಡುಗಡೆ ಮಾಡಬೇಕಾದವರು ಅವರೇ! ಬೆಟ್ಟೆಯ ಲೆಕ್ಕಕ್ಕೆ ಬೇರೆ ಗುಮಾಸ್ತ ಇದ್ದಿದ್ದರೆ ತುಸು ಕಾದು ಬರೆದುಬಿಡುತ್ತಿದ್ದ. ಎರಡು ಥ್ರೆಡ್‌ಗಳಿದ್ದರೆ ಆಗುವುದು ಅದು. ಸಿಗ್ನಲ್‌ನಲ್ಲಿ ಇರುವುದು ಒಬ್ಬನೇ ಗುಮಾಸ್ತ.

ಮಳೆಮಾಪಕದ ಪ್ರೋಗ್ರಾಂ ಒಣಹವೆಯಲ್ಲಿ ಹೆಚ್ಚು ಹೊತ್ತು ನಿದ್ದೆಯಲ್ಲಿರುತ್ತಿತ್ತು. ಮಳೆ ಸುರಿದಾಗ ಸೆನ್ಸರನ್ನು ಬಿಡುವಿಲ್ಲದೆ ಓದಿ, ಪ್ರತಿ ಸಲವೂ ಲೋಕಲ್‌ಟೈಮ್-ಆರ್ ಎಂಬ ಫಂಕ್ಷನ್ ಕರೆದು ಸಮಯ ದಾಖಲಿಸುತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ ಅಲಾರಂ ಹೊಡೆದು, ಒಟ್ಟು ಮಳೆ ಬರೆಯುವ ಹ್ಯಾಂಡ್ಲರ್ ಕೂಡ ಅದೇ ಫಂಕ್ಷನ್ ಕರೆಯುತ್ತಿತ್ತು. ಲಿನಕ್ಸ್ ಪ್ರೋಗ್ರಾಂಗಳಿಗೆ ಮೂಲ ಫಂಕ್ಷನ್‌ಗಳನ್ನು ಒದಗಿಸುವ ಜಿಲಿಬ್‌ಸಿ ಲೈಬ್ರರಿಯಲ್ಲಿ ಆ ಫಂಕ್ಷನ್ ಟೈಮ್‌ಝೋನ್ ಮಾಹಿತಿ ಕಾಯಲು ಒಳಗೊಂದು ಲಾಕ್ ಹಿಡಿಯುತ್ತದೆ. ಮಂಡಿಯ ಪುಸ್ತಕದಂತೆ, ಹಿಡಿದವರು ಬಿಡುವ ತನಕ ಅದು ಇನ್ನೊಂದು ಕೆಲಸಕ್ಕೆ ಸಿಗದು. ನಿಂತ ಪ್ರೋಗ್ರಾಂಗೆ ದೋಷ ಹುಡುಕುವ ಜಿಡಿಬಿ ಎಂಬ ಸಾಧನ ತಗುಲಿಸಿ ಬ್ಯಾಕ್‌ಟ್ರೇಸ್, ಅಂದರೆ ಯಾವ ಫಂಕ್ಷನ್ ಯಾವುದನ್ನು ಕರೆದಿದೆ ಎಂಬ ಸರಪಳಿ, ತೆಗೆದರೆ ಎಲ್ಲವೂ ಪರದೆಯ ಮೇಲೆಯೇ ಇತ್ತು. ಕೆಳಗಿನಿಂದ ಮೇಲಕ್ಕೆ: ಮೇನ್ ಎಂಬ ಮುಖ್ಯ ಫಂಕ್ಷನ್, ಲೋಕಲ್‌ಟೈಮ್-ಆರ್ ಒಳಗೆ ಲಾಕ್ ಹಿಡಿಯುವ ಟಿಝಡ್-ಕನ್ವರ್ಟ್, ‘ಸಿಗ್ನಲ್ ಹ್ಯಾಂಡ್ಲರ್ ಕಾಲ್ಡ್’ ಎಂಬ ಗೆರೆ, ಹ್ಯಾಂಡ್ಲರ್, ಮತ್ತೆ ಟಿಝಡ್-ಕನ್ವರ್ಟ್, ತುದಿಯಲ್ಲಿ ಲಾಕ್‌ಗಾಗಿ ಕಾಯುವ ಫಂಕ್ಷನ್. ಮಳೆಗೂ ಇದಕ್ಕೂ ಸಂಬಂಧ ಇದ್ದದ್ದು ಇಷ್ಟೇ: ಮಳೆಯಲ್ಲಿ ಆ ಲಾಕ್ ಹೆಚ್ಚು ಹೊತ್ತು ಹಿಡಿದ ಸ್ಥಿತಿಯಲ್ಲಿರುತ್ತಿತ್ತು, ಅಲಾರಂ ಸರಿಯಾಗಿ ಅದೇ ಕ್ಷಣಕ್ಕೆ ಬಂದು ಬೀಳುವ ಸಾಧ್ಯತೆಯೂ ಹೆಚ್ಚುತ್ತಿತ್ತು.

“ಸರ್, ಮ್ಯಾನ್ ಪೇಜಲ್ಲಿ ಸೇಫ್ ಅಂತಾನೇ ಇದೆಯಲ್ಲ?” ಎಂದಳು ಕೋಡ್ ಬರೆದ ಹುಡುಗಿ. ಇದೆ. ಮ್ಯಾನ್ ಪೇಜ್ ಎಂದರೆ ಒಂದೊಂದು ಫಂಕ್ಷನ್ ಬಗ್ಗೆ ಇರುವ ಕೈಪಿಡಿಯ ಪುಟ. ಲೋಕಲ್‌ಟೈಮ್-ಆರ್ ಪುಟದ ಕೋಷ್ಟಕದಲ್ಲಿ ಎಂಟಿ-ಸೇಫ್ ಎಂದಿದೆ. ಅದು ಹಲವು ಥ್ರೆಡ್‌ಗಳ ಮಾತು. ಸಿಗ್ನಲ್‌ಗೆ ಆ ಕೋಷ್ಟಕದಲ್ಲಿ ಅಂಕಣವೇ ಇಲ್ಲ. ಅದೇ ಫಂಕ್ಷನ್‌ಗೆ ಜಿಲಿಬ್‌ಸಿಯ ಸ್ವಂತ ಕೈಪಿಡಿ ಎಎಸ್-ಅನ್‌ಸೇಫ್, ಅಂದರೆ ಸಿಗ್ನಲ್ ಹ್ಯಾಂಡ್ಲರ್‌ನಲ್ಲಿ ಸುರಕ್ಷಿತವಲ್ಲ, ಎಂದು ಗುರುತು ಹಾಕಿ, ಹೀಪ್ (ಮೆಮೊರಿ ಹಂಚಿಕೆ) ಮತ್ತು ಲಾಕ್ ಎಂಬ ಕಾರಣಗಳನ್ನೂ ಕೊಡುತ್ತದೆ. ಹ್ಯಾಂಡ್ಲರ್‌ನೊಳಗೆ ಕರೆಯಬಹುದಾದ ಫಂಕ್ಷನ್‌ಗಳ ಪಟ್ಟಿ ‘ಸಿಗ್ನಲ್-ಸೇಫ್ಟಿ’ ಎಂಬ ಬೇರೊಂದು ಪುಟದಲ್ಲಿದೆ. ಹ್ಯಾಂಡ್ಲರ್ ನೇಮಿಸುವ ಸಿಗ್‌ಆಕ್ಷನ್ ಕರೆಯ ಪುಟ ಆ ಪಟ್ಟಿಯತ್ತ ಕೈ ತೋರಿಸುವುದು ತೀರಾ ಕೆಳಗೆ, ಟಿಪ್ಪಣಿಗಳಲ್ಲಿ. ಇಷ್ಟು ದೂರ ಅಲೆಯದಿದ್ದ ಓದುಗರನ್ನು ಸೋಮಾರಿಗಳು ಎನ್ನಲು ನನಗೆ ಮನಸ್ಸು ಬಾರದು.

ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನ ಕೈಪಿಡಿಯ ಪರಂಪರೆ ಇಂಥದ್ದಲ್ಲ. ಯುನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1971ರ ನವೆಂಬರ್ 3ರ ದಿನಾಂಕದಲ್ಲಿ ಹೊರತಂದ ಮೊದಲ ಆವೃತ್ತಿಯಲ್ಲೇ ‘ಬಗ್ಸ್’ ಎಂಬ ವಿಭಾಗವಿತ್ತು, ತಮ್ಮ ಕೆಲಸದ ಹುಳುಕನ್ನು ತಾವೇ ಬರೆದಿಡಲು. ಮುಂದೆ ಹ್ಯಾಂಡ್ಲರ್ ನೇಮಿಸುವ, ಸಿಗ್ನಲ್ ಎಂಬ ಹೆಸರಿನ ಹಳೆಯ ಕರೆಯೇ ಊರಿಗೊಂದು ಥರ ಆಯಿತು. ಯುನಿಕ್ಸ್‌ನ ಒಂದು ಕವಲಾದ ಸಿಸ್ಟಂ ಫೈವ್‌ನಲ್ಲಿ ಒಮ್ಮೆ ಸಿಗ್ನಲ್ ಬಂದ ಕೂಡಲೇ ನೇಮಿಸಿದ ಹ್ಯಾಂಡ್ಲರ್ ರದ್ದಾಗುತ್ತಿತ್ತು. ಅದನ್ನು ಮತ್ತೆ ನೇಮಿಸುವಷ್ಟರಲ್ಲಿ ಎರಡನೆಯದು ಬಂದರೆ ಪ್ರೋಗ್ರಾಂ ಸತ್ತೇ ಹೋಗಬಹುದಿತ್ತು. ಇನ್ನೊಂದು ಕವಲಾದ 1983ರ 4.2 ಬಿಎಸ್‌ಡಿಯಲ್ಲಿ ಹಾಗಿಲ್ಲ. ಈ ಗೊಂದಲ ಬಗೆಹರಿಸಲೆಂದೇ 1988ರ ಪೊಸಿಕ್ಸ್ ಎಂಬ ಮಾನದಂಡ ಸಿಗ್‌ಆಕ್ಷನ್ ಅನ್ನು ಪ್ರಮಾಣೀಕರಿಸಿತು. ಸಿಗ್ನಲ್ ಪುಟ ಈಗ ಆರಂಭದಲ್ಲೇ ತನ್ನನ್ನು ಬಳಸಬೇಡಿ, ಸಿಗ್‌ಆಕ್ಷನ್ ಬಳಸಿ ಎನ್ನುತ್ತದೆ. ಎಚ್ಚರಿಕೆ ಇರಬೇಕಾದ ಜಾಗ ಅದು.

ಇದು ಹೊಸಬರ ತೊಡಕು ಎಂದುಕೊಳ್ಳಬೇಡಿ. ಲೋಕದ ಸರ್ವರ್‌ಗಳಿಗೆಲ್ಲ ಬಾಗಿಲು ಕಾಯುವ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಇಂಥದೇ ತಪ್ಪು 2006ರಲ್ಲಿ ಸಿಕ್ಕಿ ಸರಿಯಾಗಿತ್ತು. 2020ರ ಒಂದು ತಿದ್ದುಪಡಿಯಲ್ಲಿ ಆ ರಕ್ಷಣೆ ಗಮನಕ್ಕೆ ಬಾರದೆ ಕಳಚಿತು. 2024ರ ಜುಲೈಯಲ್ಲಿ ಕ್ವಾಲಿಸ್ ಎಂಬ ಸೈಬರ್ ಭದ್ರತಾ ಸಂಸ್ಥೆ ಅದನ್ನು ಬಯಲಿಗೆ ತಂದಿತು. ಲಾಗಿನ್‌ಗೆ ಕೊಟ್ಟ ಸಮಯ, ಸಾಮಾನ್ಯವಾಗಿ 120 ಸೆಕೆಂಡ್, ಮೀರಿದಾಗ ಸಿಗ್‌ಅಲಾರ್ಮ್‌ನ ಹ್ಯಾಂಡ್ಲರ್ ದಾಖಲೆ ಬರೆಯುವ ಸಿಸ್‌ಲಾಗ್ ಎಂಬ ಫಂಕ್ಷನ್ ಕರೆಯುತ್ತಿತ್ತು. ಅದು ಮೆಮೊರಿ ಹಂಚುವ ಕೋಡನ್ನು ಅರ್ಧದಲ್ಲಿ ತಡೆದು ಮತ್ತೆ ಒಳಹೊಕ್ಕರೆ, ದಾಳಿಕೋರನ ಕೈಗೆ ರೂಟ್, ಅಂದರೆ ಇಡೀ ಯಂತ್ರದ, ಅಧಿಕಾರ ಸಿಗುವ ದಾರಿ ಇತ್ತು.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಸಿಗ್‌ಆಕ್ಷನ್ ಪುಟದ ಮೊದಲ ಪ್ಯಾರಾದಲ್ಲೇ ಹೇಳಲಿ: ಹ್ಯಾಂಡ್ಲರ್ ನಿಮ್ಮ ಪ್ರೋಗ್ರಾಂ ಅನ್ನು ಯಾವುದೇ ಫಂಕ್ಷನ್ನಿನ ನಟ್ಟನಡುವೆ ತಡೆಯಬಹುದು, ಪಟ್ಟಿಯಲ್ಲಿ ಇಲ್ಲದ್ದನ್ನು ಅದರೊಳಗೆ ಕರೆಯಬೇಡಿ. ಅದರ ಕೆಳಗೆ, ಹ್ಯಾಂಡ್ಲರ್‌ನೊಳಗೆ ಧೈರ್ಯವಾಗಿ ಬದಲಿಸಬಹುದಾದ ವೊಲಟೈಲ್ ಸಿಗ್-ಅಟಾಮಿಕ್-ಟಿ ಬಗೆಯ ಒಂದು ಗುರುತನ್ನು ಮಾತ್ರ ಏರಿಸಿ ಹಿಂದಿರುಗುವ, ಬರೆಯುವ ಕೆಲಸವನ್ನು ಮೇನ್‌ಗೆ ಬಿಡುವ ಪುಟ್ಟ ಉದಾಹರಣೆ ಇರಲಿ. ಪ್ರತಿ ಫಂಕ್ಷನ್‌ನ ಕೋಷ್ಟಕದಲ್ಲಿ ಥ್ರೆಡ್ ಪಕ್ಕ ಸಿಗ್ನಲ್‌ಗೂ ಒಂದು ಅಂಕಣ ಬರಲಿ. ಜಿಲಿಬ್‌ಸಿ ಕೈಪಿಡಿಯಲ್ಲಿ ಆ ಮಾಹಿತಿ ಫಂಕ್ಷನ್‌ವಾರು ಸಿದ್ಧವಾಗಿಯೇ ಇದೆ. ಮ್ಯಾನ್ ಪೇಜ್‌ಗಳೂ ಸೋರ್ಸ್ ಕೋಡಿನಂತೆಯೇ ಪ್ಯಾಚ್‌ಗಳಿಂದ ತಿದ್ದುವಂಥವು, ಶಿವಮೊಗ್ಗದ ಹಾಸ್ಟೆಲ್ ಕೋಣೆಯಿಂದಲೂ ಒಂದು ಪ್ಯಾಚ್ ಕಳಿಸಬಹುದು. ಲೋಕಲ್‌ಟೈಮ್-ಆರ್ ಪುಟದಿಂದಲೇ ಶುರುಮಾಡು ಎಂದು ಆ ಹುಡುಗಿಗೆ ಹೇಳಿದ್ದೇನೆ.